ಇಳಿಸುವಾಗಿನ ಅಳತೆ

ಕಾಲೇಜಿನ ಭೌತಶಾಸ್ತ್ರ ಲ್ಯಾಬಿನ ಅಟೆಂಡರನಿಗೆ ಹುಡುಗರಿಟ್ಟ ಹೆಸರು ತಂತಿಯಣ್ಣ. ಇಪ್ಪತ್ತಾರು ವರ್ಷ ಅವನು ತೊಲೆಗೆ ಉಕ್ಕಿನ ತಂತಿ ಬಿಗಿದು, ಅದರ ತುದಿಗೆ ಅರ್ಧರ್ಧ ಕಿಲೋ ತೂಕದ ಬಿಲ್ಲೆ ಪೇರಿಸಿದವನು. ಬಿಲ್ಲೆ ಏರಿಸಿದರೆ ತಂತಿ ಕೂದಲೆಳೆಯಷ್ಟು ಉದ್ದವಾಗುತ್ತದೆ, ತೆಗೆದರೆ ಮೊದಲಿನ ಉದ್ದಕ್ಕೇ ಮರಳುತ್ತದೆ. ಆ ಮರಳುವ ಗುಣವೇ ಸ್ಥಿತಿಸ್ಥಾಪಕತ್ವ. ಅದನ್ನು ನೋಡಲೆಂದೇ ಏರಿಸುವಾಗೊಮ್ಮೆ, ಇಳಿಸುವಾಗೊಮ್ಮೆ ಅಳತೆ ಬರೆಯಬೇಕು.

ಇಳಿಸುವಾಗ ಅಳೆಯುವ ಪುಣ್ಯಾತ್ಮರು ಯಾರಿದ್ದರು? "ಏರಿಸಿದ್ದನ್ನೇ ತಿರುಗಿಸಿ ಬರ್ಕೊಳ್ರಪ್ಪ, ಅಲ್ಲೊಂದು ಇಲ್ಲೊಂದು ಅಂಕಿ ಬದಲಾಯ್ಸಿ," ಎಂದು ತಂತಿಯಣ್ಣನೇ ಹೇಳಿಕೊಡುತ್ತಿದ್ದ. ಬೇಗ ಬೀಗ ಹಾಕಿ ಮನೆ ಸೇರುವ ಆತುರ ಮಹಾಶಯನಿಗೆ. ಇಳಿಸುವಾಗ ಯಾರೂ ಅಳೆಯದ್ದರಿಂದಲೇ, ತಂತಿ ಕಚ್ಚಿ ಹಿಡಿಯುವ ತಿರುಪು ಸವೆದು ಮೂರು ವರ್ಷವಾದರೂ ಬೇರೆ ಯಾರಿಗೂ ತಿಳಿಯಲಿಲ್ಲ. ಅವನು ಕಾಗದ ಮಡಚಿ ಸಂದಿಗೆ ತುರುಕಿದ್ದ.

ಆ ವರ್ಷದ ಪರೀಕ್ಷೆಯಲ್ಲಿ ಆ ತಂತಿಯ ಪ್ರಯೋಗ ಬಂದದ್ದು ಅವನ ಮನೆದಾರಿಯ ಟೈಲರನ ಮಗಳಿಗೆ. ಅವಳು ಒಂದೊಂದೇ ಬಿಲ್ಲೆ ಇಳಿಸಿ, ಮಸೂರದಲ್ಲಿ ಕಣ್ಣಿಟ್ಟು ನೋಡಿದಳು. ಭಾರಕ್ಕೆ ತಿರುಪಿನಿಂದ ಜಾರಿದ್ದ ತಂತಿ ಹಿಂದಕ್ಕೆ ಬರಲಿಲ್ಲ. ಕಂಡದ್ದನ್ನೇ ಬರೆದಳು.

"ಉಕ್ಕಿನ ತಂತಿ ವಾಪಸ್ ಬರಲ್ವಾ? ಸ್ಕೇಲ್ ಓದೋಕೇ ಬರಲ್ವಲ್ಲಮ್ಮ ನಿಂಗೆ," ಎಂದರು ಪರೀಕ್ಷಕರು.

"ಮೂರು ಸಲ ನೋಡ್ದೆ ಸಾರ್."

ಪರೀಕ್ಷಕರು ತಂತಿಯಣ್ಣನ ಕಡೆ ತಿರುಗಿದರು. "ಏನಯ್ಯ, ಉಪಕರಣ ಸರಿಯಿದೆಯಾ?"

"ಇದೆ ಸಾರ್."

ಹುಡುಗಿ ಅವನನ್ನು ಒಮ್ಮೆ ನೋಡಿದಳು, ಅಷ್ಟೇ. ಫೇಲಾದಳು.

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಟೈಲರನ ಅಂಗಡಿ ತಪ್ಪಿಸಲು ಸುತ್ತುಬಳಸಿ ಮನೆಗೆ ಹೋಗುತ್ತಿದ್ದ. ಹೆಂಡತಿಗೆ ಮಾತ್ರ ಹೇಳಿದ.

"ಹೋಗಿ ಒಪ್ಕೊಳ್ಬಾರ್ದಾ? ಬಾಯಿಗೇನು ಬೀಗ ಹಾಕ್ಕೊಂಡಿದ್ದೀರಾ?" ಎಂದಳು ಆಕೆ.

ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ಕೆಲಸ ಹೋದೀತೆಂಬ ಹೆದರಿಕೆಗೆ ಒಪ್ಪಿಕೊಳ್ಳಲಿಲ್ಲ. ಗುಟ್ಟಾಗಿ ಹೊಸ ತಿರುಪು ಹಾಕಿದ. ನಾಚಿಕೆಗೇಡಿ ಎಂದು ತನ್ನನ್ನು ತಾನೇ ಬೈದುಕೊಂಡ.

ಆರು ತಿಂಗಳಿಗೆ ಹುಡುಗಿ ಮತ್ತೆ ಪರೀಕ್ಷೆಗೆ ಬಂದಳು. ಅದೇ ತಂತಿ. ಬಿಲ್ಲೆಗಳನ್ನು ಏರಿಸಿ ಅಳತೆ ಬರೆದಳು. ಆಮೇಲೆ ಒಂದನ್ನೂ ಇಳಿಸದೆ, ಇಳಿಸುವಾಗಿನ ಸಾಲನ್ನೂ ಸರಸರನೆ ತುಂಬಿದಳು.

ತಂತಿಯಣ್ಣ ಹತ್ತಿರ ಹೋಗಿ ಪಿಸುಗುಟ್ಟಿದ: "ಇಳಿಸಿ ನೋಡಮ್ಮ, ಈಗ ಸರಿಯಾಗಿ ಬರುತ್ತೆ. ಅವತ್ತು ತಿರುಪು..."

"ಕಾಗದದ ಚೂರು ನಂಗೂ ಕಾಣಿಸಿತ್ತು ಅಣ್ಣ," ಎಂದಳು ಅವಳು, ಹಾಳೆಯಿಂದ ತಲೆ ಎತ್ತದೆ. "ನೀವೇ ಹೇಳ್ತೀರಿ ಅಂತ ಸುಮ್ನಿದ್ದೆ."

ಅವಳು ಪಾಸಾಗಿ ಹೋದಳು. ಸಂಜೆ ತಂತಿಯಣ್ಣ ಒಬ್ಬನೇ ನಿಂತು ಬಿಲ್ಲೆಗಳನ್ನು ಒಂದೊಂದಾಗಿ ಇಳಿಸಿದ. ತಂತಿ ಕೂದಲೆಳೆಯಷ್ಟೂ ತಪ್ಪದೆ ಮೊದಲಿನ ಗುರುತಿಗೇ ಮರಳಿತು. ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.