ಸಿಪಾಯಿಯ ಕುಂಚಿಗೆ

ಗದ್ದದ ಕೆಳಗೆ ಕಟ್ಟುವ ಲಾಡಿ ಗೇಣುದ್ದವಿತ್ತು; ತುದಿಗೆ ಸಣ್ಣ ಗಂಟು ಹಾಕಿದ್ದೆ. ಅತ್ತೆ ಅದನ್ನೇ ಹಿಡಿದು ತೂಗಾಡಿಸುತ್ತ ಅಡುಗೆಮನೆಗೆ ಬಂದರು.

"ಕುಂಚಿಗಿ ಹೊಲಿಯಾಕ್ಹತ್ತೀ, ನನಗೊಂದ್ ಮಾತರ ಹೇಳಬಾರ್ದೇನವಾ?"

ಕುಂಚಿಗೆಯೆಂದರೆ ಹಸುಗೂಸಿನ ತಲೆ, ಬೆನ್ನು ಎರಡನ್ನೂ ಮುಚ್ಚುವ ಟೊಪ್ಪಿಗೆ. ನಾನು ಹೊಲಿಯುತ್ತಿದ್ದುದು ಮೊದಲ ಮಹಾಯುದ್ಧದ ಸಿಪಾಯಿಯ ಮುಸುಕು. ಆಗ ನನಗೆ ಅಮೆರಿಕದ ಬರ್ಬ್ಯಾಂಕಿನಲ್ಲಿ ಸಿನಿಮಾಗಳಿಗೆ ಉಡುಪು ಹೊಲಿದುಕೊಡುವ ಕಡೆ ಕೆಲಸ. ಬೆಂಕಿ ಉಗುಳುವ ಕೊಳವೆ ಹಿಡಿದ ಸಿಪಾಯಿಯ ಕತ್ತಿನ ಮೇಲೆ ಅವನದೇ ಕಿಡಿ ಬೀಳದಿರಲೆಂದು ಆ ಮುಸುಕು ಹೆಗಲವರೆಗೂ ಇಳಿಯಬೇಕಿತ್ತು. ಅಳತೆ ನೋಡಲು ಮೊದಲು ಅರ್ಧ ಗಾತ್ರದಲ್ಲಿ, ಬಿಳಿ ಹತ್ತಿಬಟ್ಟೆಯಲ್ಲಿ ಹೊಲಿಯುತ್ತಿದ್ದೆ. ಕಣ್ಣಿನ ತೂತುಗಳಿರುವ ಮುಖದ ಭಾಗವನ್ನು ಇನ್ನೂ ಜೋಡಿಸಿರಲಿಲ್ಲ.

ಬಾಯಿ ತೆರೆಯುವ ಮೊದಲೇ ಆಫೀಸಿನಿಂದ ಗಂಡನ ಫೋನ್ ಬಂತು.

"ನನಗರ ಮೊದಲ ಹೇಳಬಾರ್ದೇನ?"

"ಏನನ್ನ?"

"ಸ್ಯಾನ್ ಡಿಯಾಗೋದಿಂದ ಅಕ್ಕ ಫೋನ್ ಮಾಡಿ ಕಂಗ್ರಾಟ್ಸ್ ಅಂದ್ಲು! ಅವ್ವ ಹೇಳಿದ್ಲಂತ."

ತಲೆನೋವು ಬಂದರೂ ಯಾರಿಗೂ ಹೇಳದವಳು ನಾನು. ನನಗೇ ಗೊತ್ತಿಲ್ಲದ ನನ್ನ ಬಸಿರು ಆಗಲೇ ಸ್ಕ್ರಿಪ್ಸ್ ರ್ಯಾಂಚಿನ ಅಕ್ಕನ ಮನೆ ತಲುಪಿಬಿಟ್ಟಿತ್ತು.

ಗಂಡನಿಗೂ ಅತ್ತೆಗೂ ಒಟ್ಟಿಗೇ ಬಿಡಿಸಿ ಹೇಳಿದೆ. ಅತ್ತೆ ಬಿದ್ದುಬಿದ್ದು ನಕ್ಕರು.

"ಸಿಪಾಯಿಗೆ ಕುಂಚಿಗಿ! ಅಷ್ಟ್ ದೊಡ್ಡ ಕೂಸಿಗೆ ತೊಟ್ಟಿಲಾ ಎಲ್ಲಿಂದ ತರೂದು?"

ಮರುಗಳಿಗೆಯಲ್ಲೇ ಮುಖ ಸಪ್ಪಗಾಯಿತು. "ಆಕಿ ನಾಳೆ ಮುಂಜಾನೆ ಸೀರಿ ತಗೊಂಡು ಬರಾಕ್ಹತ್ಯಾಳ. ಮೊದಲ 'ಅವ್ವಾ, ನಿನ್ನ ಬಾಯಾಗ ಮಾತ ನಿಲ್ಲಂಗಿಲ್ಲ' ಅಂತಿರ್ತಾಳ."

"ಈಗ್ಲೇ ಫೋನ್ ಮಾಡಿ ಹೇಳಿಬಿಡೋಣ ಅತ್ತೆ."

"ಬ್ಯಾಡವಾ. ಮಗಳ ಕೈಯಾಗ ಬೈಸ್ಕೊಳ್ಳಾಕ ಇವತ್ತ ಶಕ್ತಿ ಇಲ್ಲ."

ಯಾರೊಂದಿಗೂ ಗಟ್ಟಿಯಾಗಿ ಮಾತಾಡಲು ಹಿಂಜರಿಯದ ಅತ್ತೆ ಮಗಳಿಗೆ ಮಾತ್ರ ಹೆದರುತ್ತಿದ್ದರು. ಸಂಜೆಯ ಚಹಾವನ್ನೂ ಅರ್ಧಕ್ಕೇ ಬಿಟ್ಟರು. ನಾನು ಮಷಿನ್ ಮುಂದೆ ಕೂತು, ದಪ್ಪ ಕಂದು ಕ್ಯಾನ್ವಾಸಿನಲ್ಲಿ ಪೂರ್ತಿ ಗಾತ್ರದ ಮುಸುಕನ್ನು ಹೊಲಿದು ಮುಗಿಸಿದೆ.

ಮರುದಿನ ಬೆಳಿಗ್ಗೆ ಬಾಗಿಲ ಗಂಟೆ ಸದ್ದಾಯಿತು. ಅತ್ತೆ ದೇವರ ಮುಂದೆ ಕಣ್ಣು ಮುಚ್ಚಿ ಕೂತವರು ಏಳಲೇ ಇಲ್ಲ. ನಾನು ಮುಸುಕು ಹಾಕಿಕೊಂಡು, ಗದ್ದದ ಕೆಳಗೆ ಲಾಡಿ ಬಿಗಿದು, ಎರಡು ತೂತುಗಳಿಂದ ದಾರಿ ನೋಡುತ್ತ ಹೋಗಿ ಬಾಗಿಲು ತೆರೆದೆ.

"ಬನ್ನಿ ಅಕ್ಕ," ಎಂದೆ, "ಅತ್ತೆ ಹೇಳಿದ ಕುಂಚಿಗೆ ಇದೇ. ಬೈಯೋದಿದ್ರೆ ಈಗಲೇ ಬೈದುಬಿಡಿ, ಬೆಂಕಿ ತಡ್ಕೊಳ್ಳುತ್ತೆ."