ಗಿಡ್ಡರು ಮುಂದೆ, ಉದ್ದರು ಹಿಂದೆ

ಫೆಬ್ರವರಿ ತಿಂಗಳು, ಶನಿವಾರ, ಬೆಳಿಗ್ಗೆ ಆರೂವರೆ. ಹಾಜರಿದ್ದವರು: ವಿಶ್ವವಿದ್ಯಾಲಯದ ಉದ್ಯಾನ ಮತ್ತು ಸಂರಕ್ಷಣಾ ಸಂಸ್ಥೆಯ ನಿರ್ದೇಶಕರು, ಸಂಸ್ಥೆಯ ಸಲಹಾ ಸಮಿತಿಯ ಅಧ್ಯಕ್ಷರಾದ ನಿವೃತ್ತ ಅರಣ್ಯಾಧಿಕಾರಿ, ಅದೇ ಸಮಿತಿಯ ಸದಸ್ಯಳಾದ ನಾನು, ಗುಡ್ಡ ಕಾಯುವ ವಾಚರ್. ಸ್ಥಳ: ಗಂಗಾವತಿ ದಾಟಿ, ಭತ್ತದ ಗದ್ದೆ ಮುಗಿದು ಗುಂಡುಗಲ್ಲು ಶುರುವಾಗುವ ಕಡೆ, ಗುಡ್ಡದ ಬುಡದ ಗೇಟು.

ನಾನು ಎಲ್ಲರಿಗಿಂತ ಮೊದಲೇ ಹೋಗಿ ನಿಂತಿದ್ದೆ. ವಸತಿಶಾಲೆಯ ಮುಖ್ಯ ಶಿಕ್ಷಕಿಯಾಗಿ ನಿವೃತ್ತಳಾದವಳು. ಗಂಟೆ ಹೊಡೆಯುವ ಮುಂಚೆ ಜಾಗದಲ್ಲಿರುವುದು ರೂಢಿ. ಕಾಡಿನ ವಿಷಯ ನನಗೆ ತಿಳಿಯದು. ಸುತ್ತಲಿನ ಹಳ್ಳಿಗಳಲ್ಲಿ ನನ್ನ ಕೈಯಲ್ಲಿ ಕಲಿತವರು ಬಹಳ, ನಾನು ಹೇಳಿದರೆ ಜನ ಕೇಳುತ್ತಾರೆ ಎಂದು ಸಮಿತಿಗೆ ಸೇರಿಸಿಕೊಂಡಿದ್ದರು.

ಆ ದಿನ ಇದ್ದದ್ದು ಒಂದೇ ಕೆಲಸ. ಗುಡ್ಡದ ಮೇಲೆ ಹೊಸದಾಗಿ ಮಾಡಿದ ಕಾಲುದಾರಿಯನ್ನು ನಡೆದು ನೋಡಿ, ಸೋಮವಾರ ತೆರೆಯಬಹುದು ಎಂದು ಅಧ್ಯಕ್ಷರು, ನಾನು ಇಬ್ಬರೂ ಸಹಿ ಹಾಕಬೇಕು. ಕುಲಪತಿಗಳು ಬಂದು ಟೇಪು ಕತ್ತರಿಸುವುದು, ಬುಡದ ಹಳ್ಳಿಯ ಐದನೇ ತರಗತಿಯ ಮಕ್ಕಳು ಮೊದಲು ನಡೆಯುವುದು ಎಂದು ನಿಗದಿಯಾಗಿತ್ತು. ನಿರ್ದೇಶಕರು ಮೈಸೂರಿನ ಕಡೆಯವರು, ಇನ್ನೂ ಚಿಕ್ಕ ವಯಸ್ಸು, ಗುತ್ತಿಗೆ ನೌಕರಿ. ಈ ದಾರಿ ತೆರೆಯದಿದ್ದರೆ ಸಂಸ್ಥೆಯನ್ನೇ ಮುಚ್ಚುತ್ತಾರೆ ಎಂಬ ಮಾತು ಓಡಾಡುತ್ತಿತ್ತು. ಹುಡುಗ ಹಗಲೂ ರಾತ್ರಿ ದುಡಿದದ್ದನ್ನು ಕಣ್ಣಾರೆ ಕಂಡಿದ್ದೆ. ಸಹಿ ಹಾಕಿಬಿಡೋಣ ಎಂದುಕೊಂಡೇ ಬಂದಿದ್ದೆ.

ಗೇಟಿನ ಒಳಗೆ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅಧ್ಯಕ್ಷರು ಕೋಲಿನಿಂದ ನೆಲದ ಮೇಲೆ ಏನನ್ನೋ ಕೆದಕಿದರು. ಕಪ್ಪು ಲದ್ದಿ, ಅದರ ತುಂಬ ಬೋರೆಹಣ್ಣಿನ ಬೀಜ.

"ಇದು ಯಾರದ್ರಿ?" ಎಂದೆ.

"ಬೀಗರದ್ರಿ. ಬೆಳಗಿನ ನಾಷ್ಟಾ ಮುಗಿಸಿ ಹೋಗ್ಯಾರ."

"ಕರಡಿ ಏನ್ರಿ?"

"ಕರಡಿ ಗುಡ್ಡದಾಗ ಇರದs, ಬಸ್‌ಸ್ಟ್ಯಾಂಡಿನ್ಯಾಗ ಇರ್ತೈತೇನ್ರಿ ಅಕ್ಕಾರ? ಬಿಸಿಲು ಬಿದ್ದ ಮ್ಯಾಲೆ ಗವಿ ಸೇರ್ತೈತಿ. ನಡೀರಿ, ನಡೀರಿ."

ಬಿಸಿಲು ಇನ್ನೂ ಬಿದ್ದಿರಲಿಲ್ಲ. ಹಿಂದೆ ಉಳಿಯೋಣ ಎಂದು ಪಕ್ಕಕ್ಕೆ ಸರಿದೆ. ಅಧ್ಯಕ್ಷರು ಕೈ ಮುಂದೆ ಮಾಡಿದರು.

"ನೀವು ಹಿರಿಯರು, ಮುಂದ ನಡೀರಿ. ನಿಮ್ಮ ಹಿಂದ ನಾವು ಸಾಲಿ ಹುಡುಗರಂಗ ಬರ್ತೀವಿ."

"ಹೌದು ಮೇಡಂ, ನೀವು ಮುಂದೆ ಇರಿ," ಎಂದರು ನಿರ್ದೇಶಕರು.

ಮದುವೆಯ ಪಂಕ್ತಿಯಿಂದ ಹಿಡಿದು ಸಭೆಯ ವೇದಿಕೆಯವರೆಗೆ ಈ ಉಪಚಾರ ಪಡೆದವಳು ನಾನು. ಅಂಜಿಕೆ ಎಂದು ಹೇಳಲು ನಾಚಿಕೆಯಾಯಿತು. ಮುಂದೆ ನಡೆದೆ. ನನ್ನ ಹಿಂದೆ ನಿರ್ದೇಶಕರು, ಅವರ ಹಿಂದೆ ಮೊಣಕಾಲು ನೋವಿನ ಅಧ್ಯಕ್ಷರು. ದಾರಿ ಬಲ್ಲ ವಾಚರ್ ಎಲ್ಲರಿಗಿಂತ ಕೊನೆಗೆ, ಉಪ್ಪಿಟ್ಟಿನ ಟಿಫಿನ್ ಕ್ಯಾರಿಯರ್ ಹೊತ್ತುಕೊಂಡು.

ದಾರಿ ಎರಡು ದೊಡ್ಡ ಗುಂಡುಗಲ್ಲುಗಳ ನಡುವೆ ಹಾದು ಎಡಕ್ಕೆ ತಿರುಗುತ್ತದೆ. ಒಬ್ಬರು ಮಾತ್ರ ಹಿಡಿಸುವಷ್ಟು ಸಂದು. ಅದರೊಳಗೆ ಕಾಲಿಟ್ಟಾಗ ಸುರ್ ಸುರ್ ಎಂದು ಬಿಸಿ ಚಹಾವನ್ನು ಬಸಿಗೆ ಸುರಿದು ಹೀರುವ ಸದ್ದು ಕೇಳಿತು. ವಾಚರನೇ ಇರಬೇಕು, ನಡೆಯುವ ಹೊತ್ತಿನಲ್ಲಿ ಚಹಾ ಏನು ಎಂದು ಗದರಬೇಕೆಂದುಕೊಂಡೆ. ಆದರೆ ಸದ್ದು ಮುಂದಿನಿಂದ ಬರುತ್ತಿತ್ತು.

ಸಂದು ದಾಟಿ ತಿರುಗಿದೆ. ಎದುರಿಗೆ ಹುತ್ತ. ಹುತ್ತದೊಳಗೆ ಮೂತಿ ಹಾಕಿ ಗೆದ್ದಲು ಹೀರುತ್ತ ಕರಡಿ ಕುಳಿತಿತ್ತು. ನನಗೂ ಅದಕ್ಕೂ ನಡುವೆ ಒಂದು ತರಗತಿಯ ಕೋಣೆಯಷ್ಟೂ ಜಾಗವಿರಲಿಲ್ಲ. ಮಣ್ಣು ಹತ್ತಿದ ಬೆನ್ನು, ಆ ಉಗುರು, ಕೊಳೆತ ಹಣ್ಣಿನ ವಾಸನೆ. ಅದು ನನ್ನನ್ನು ಇನ್ನೂ ನೋಡಿರಲಿಲ್ಲ.

ನಿವೃತ್ತಳಾದರೂ ಬಿಡದ ಶಾಲೆಯ ಸೀಟಿ ಕೊರಳಲ್ಲಿ ಇತ್ತು. ಬಾಯಿಗಿಟ್ಟೆ. ಊದಲು ಉಸಿರೇ ಬರಲಿಲ್ಲ. ಕೈಯನ್ನು ಬೆನ್ನ ಹಿಂದೆ ಒಯ್ದು, ಹಿಂದೆ ಸರಿಯಿರಿ ಎಂದು ಬೆರಳು ಆಡಿಸಿದೆ. ಹಿಂದೆ ನಿಂತವರ ಕಣ್ಣಿಗೆ ಅದು ಬನ್ನಿ ಬನ್ನಿ ಎಂದು ಕರೆದಂತೆ ಕಾಣುತ್ತದೆ ಎಂದು ನನಗೆ ಹೊಳೆಯಲಿಲ್ಲ. ಇನ್ನೂ ಜೋರಾಗಿ ಆಡಿಸಿದೆ.

"ಕರೆದ್ರಾ ಮೇಡಂ?" ಎನ್ನುತ್ತ ನಿರ್ದೇಶಕರು ಸಂದಿನಿಂದ ಬಂದು ನನ್ನ ಹೆಗಲ ಪಕ್ಕಕ್ಕೇ ನಿಂತರು.

ಕರಡಿ ಎದ್ದು ಎರಡು ಕಾಲಿನ ಮೇಲೆ ನಿಂತಿತು. ಎದೆಯ ಮೇಲಿನ ಬಿಳಿ ಗೆರೆಯನ್ನೇ ನೋಡುತ್ತ ನಿಂತೆ. ಅದರ ಮುಖ ನೋಡುವ ಧೈರ್ಯವಿರಲಿಲ್ಲ. ಅದು ಒಮ್ಮೆ ಹೂಂಕರಿಸಿ ನಮ್ಮ ಕಡೆಗೇ ನುಗ್ಗಿತು. ನಿರ್ದೇಶಕರು ಹಿಂದೆ ಜಿಗಿಯಲು ಹೋಗಿ ಅಧ್ಯಕ್ಷರ ಮೇಲೆ ಬಿದ್ದರು, ಅವರು ವಾಚರನ ಮೇಲೆ. ಟಿಫಿನ್ ಕ್ಯಾರಿಯರ್ ಕೈಬಿಟ್ಟು ಬಂಡೆಯಿಂದ ಬಂಡೆಗೆ ಢಣ್ ಢಣ್ ಎಂದು ಉರುಳಿತು. ಗುಡ್ಡವೆಲ್ಲ ಆ ಸದ್ದು ತುಂಬಿತು. ಕರಡಿ ನಡುದಾರಿಯಲ್ಲೇ ತಿರುಗಿ ಕಲ್ಲುಗಳ ನಡುವೆ ನುಸುಳಿ ಹೋಯಿತು.

ಬಿದ್ದವರು ಒಬ್ಬರನ್ನೊಬ್ಬರು ಹಿಡಿದು ಎದ್ದರು. ಆಮೇಲೆ ವಾಚರ್ ಮೆಲ್ಲಗೆ, "ಉಪ್ಪಿಟ್ಟು ಹೋತ್ರಿ ಅಕ್ಕೋರ," ಎಂದ. ಅಧ್ಯಕ್ಷರು ನಗಲು ನೋಡಿದರು, ನಗು ಬರಲಿಲ್ಲ.

ಹನ್ನೊಂದಕ್ಕೆ ಕಚೇರಿಯಲ್ಲಿ ಸಭೆ ಸೇರಿದೆವು. ಕಚೇರಿ ಇರುವುದು ಅಕ್ಕಿ ಗಿರಣಿಯ ಪಕ್ಕದ ಮಹಡಿಯಲ್ಲಿ. ಗಿರಣಿ ಓಡುತ್ತಿದ್ದುದರಿಂದ ಮೇಜು ನಡುಗುತ್ತಿತ್ತು. ನಿರ್ದೇಶಕರ ಮೊಣಕೈಗೆ ಪಟ್ಟಿ ಕಟ್ಟಿತ್ತು.

"ಇದು ನಮ್ಮ ನಾಲ್ಕು ಜನಕ್ಕೆ ಮಾತ್ರ ಗೊತ್ತು," ಎಂದರು ಅವರು. "ಇಲ್ಲೇ ಇರಲಿ. ಸೋಮವಾರ ಒಂದು ದಿನ ಕಳೆದರೆ ಸಾಕು."

ಅಧ್ಯಕ್ಷರು ನನ್ನ ಮುಖ ನೋಡಲಿಲ್ಲ. "ಮುಂದ ನಾಲ್ಕು ವಾಚರ್ ಬಿಡೂಣು. ಡೊಳ್ಳು ಬಾರಿಸಿಕೋತ ಹೋಗೂಣು. ಆಗ್ತೈತಿ ತಗೋರಿ."

"ಆ ದಿನ ಡೊಳ್ಳು ಇರ್ತೈತಿ. ಮರುದಿನ?" ಎಂದೆ.

ಸಹಿ ಹಾಕುವುದಿಲ್ಲ ಎನ್ನುವ ಮಾತು ನನ್ನ ಬಾಯಿಗೆ ಬಂದು ನಿಂತಿತ್ತು, ಬೆಳಿಗ್ಗೆ ಸೀಟಿ ನಿಂತ ಹಾಗೆ. ಆ ಹುಡುಗನ ಅನ್ನಕ್ಕೆ ಕೈ ಹಾಕಿದಂತಾದೀತು ಎಂದು ಹಿಂದೆಮುಂದೆ ನೋಡಿದೆ. ಕೊನೆಗೆ ನನಗೆ ಗೊತ್ತಿದ್ದ ಒಂದೇ ವಿಷಯ ಕೇಳಿದೆ.

"ಸರ, ಸಾಲಿ ಮಕ್ಕಳು ಸಾಲು ಹೆಂಗ ನಿಲ್ತಾವ, ಹೇಳ್ರಿ?"

"ಹೆಂಗೆ ಅಂದ್ರೆ?"

"ಗಿಡ್ಡರು ಮುಂದ, ಉದ್ದರು ಹಿಂದ. ನಾನs ಕಲಿಸೀನಿ, ನನ್ನ ಕೈಯಾಗ ಕಲಿತ ಮಾಸ್ತರರೂ ಹಂಗs ಕಲಿಸ್ತಾರ. ಆ ಸಂದಿನ್ಯಾಗ ಎಲ್ಲಾರಗಿಂತ ಮೊದಲು ತಿರುಗೋದು ಎಲ್ಲಾರಗಿಂತ ಸಣ್ಣ ಕೂಸು. ಅದರ ಹಿಂದ ನಲವತ್ತು ಮಕ್ಕಳು ದಾರಿ ಕಟ್ಟಿ ನಿಂತಿರ್ತಾವ. ಅದು ಹಿಂದ ಹೆಂಗ ಬರಬೇಕ್ರಿ?"

ನಿರ್ದೇಶಕರು ಪಟ್ಟಿ ಕಟ್ಟಿದ ಮೊಣಕೈ ಹಿಡಿದುಕೊಂಡು ಕುಳಿತರು. ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿ ಕಿಸೆಗೆ ಇಟ್ಟುಕೊಂಡರು. ಸಹಿ ಆಗಲಿಲ್ಲ.

"ಕುಲಪತಿಗಳಿಗೆ ಹೇಳಬೇಕು," ಎಂದು ನಿರ್ದೇಶಕರು ಫೋನನ್ನು ನನ್ನ ಕಡೆ ಸರಿಸಿದರು. "ನೀವು ಹಿರಿಯರು ಮೇಡಂ. ನೀವೇ ಮಾತಾಡಿ."

"ಬ್ಯಾಡ್ರಿ. ಬೆಳಿಗ್ಗೆ ನಾನು ಮುಂದ ನಡದೀನಿ. ಈಗ ನೀವು ನಡೀರಿ. ನಾ ಇಲ್ಲೇ ಹಿಂದ ಇರ್ತೀನಿ."

ಅವರು ಎದ್ದು ನಿಂತೇ ಮಾತಾಡಿದರು. ಕರಡಿ ಕಂಡದ್ದು, ತಾವು ಬಿದ್ದದ್ದು, ದಾರಿ ತೆರೆಯಬಾರದೆಂಬುದು, ಎಲ್ಲವನ್ನೂ ಹೇಳಿದರು. ಆ ಕಡೆಯಿಂದ ಏನು ಬಂತೋ ಕೇಳಲಿಲ್ಲ. "ಆಯ್ತು ಸಾರ್" ಎಂದು ಎರಡು ಸಲ ಅಂದು ಕುಳಿತರು. "ಕಾರ್ಯಕ್ರಮ ರದ್ದು. ಸಂಸ್ಥೆ ವಿಷಯ ಆಮೇಲೆ ನೋಡೋಣ ಅಂದ್ರು." ಅವರ ತುಟಿ ಬಿಳಿಚಿತ್ತು. ಅವರ ನೌಕರಿಯ ಗತಿ ಏನಾಗುವುದೋ ಎಂಬ ಭಯ ನನಗೆ ಅವತ್ತಿನಿಂದ ಹಿಡಿದದ್ದು ಇದನ್ನು ಬರೆಯುವ ಹೊತ್ತಿಗೂ ಬಿಟ್ಟಿಲ್ಲ. ಇನ್ನೂ ಏನೂ ತೀರ್ಮಾನವಾಗಿಲ್ಲ.

ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯರಿಗೆ ನಾನೇ ಫೋನು ಮಾಡಿ, ಸೋಮವಾರ ಎಂದಿನಂತೆ ಪಾಠ ನಡೆಸಿ ಎಂದೆ. ಸಂಜೆ ಐದಕ್ಕೆ ನಾಲ್ವರೂ ಮತ್ತೆ ಗುಡ್ಡದ ಬುಡಕ್ಕೆ ಹೋದೆವು. ವಾಚರ್ ಮುಳ್ಳಿನ ಜಾಲಿಕಂಟಿ ಕಡಿದು ತಂದ, ನಿರ್ದೇಶಕರು ಒಂದೇ ಕೈಯಲ್ಲಿ ಎಳೆದು ಗೇಟಿಗೆ ಅಡ್ಡ ಹಾಕಿದರು. ಮೇಲೆ ಎಲ್ಲೋ ಕಲ್ಲೊಂದು ಉರುಳಿದ ಸದ್ದಾಯಿತು. ನಾಲ್ವರೂ ಒಟ್ಟಿಗೆ ಹಿಂದೆ ಸರಿದೆವು. ಈ ಸಲ ಯಾರೂ ಯಾರಿಗೂ ದಾರಿ ಬಿಡಲಿಲ್ಲ.

ಮತ್ತೆ ಸದ್ದಾಗಲಿಲ್ಲ. ನಾನು ಮುಂದೆ ಹೋಗಿ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದೆ. ಗಟ್ಟಿಯಾಗಿ ಕುಳಿತಿತ್ತು.