ಮಧುಮತಿಯ ಮನೆಯ ನಾಯಿ

ಜಮಖಂಡಿಯ ನಾಯಿ-ಬೆಕ್ಕುಗಳ ದವಾಖಾನೆಯಲ್ಲಿ ತರಬೇತಿಗಿರುವ ಡಾಕ್ಟರ್ ಮಧುಮತಿಯನ್ನು ಬನಹಟ್ಟಿಯ ಸೀರೆ ವ್ಯಾಪಾರಿ ಗುರುಸಿದ್ದಪ್ಪನವರು ಮೊದಲ ನೋಟಕ್ಕೇ ಅಳೆದರು: ನೂಲು ಗಟ್ಟಿ, ಬಣ್ಣ ಮಾತ್ರ ಒಗೆದೊಗೆದು ಹೋಗಿದೆ. ನಿಂತಲ್ಲೇ ತೂಕಡಿಸುತ್ತಾಳೆ, ಚಹಾ ಆರಿದ ಮೇಲೆಯೇ ಕುಡಿಯುತ್ತಾಳೆ, ಬೆಕ್ಕು ಪರಚಿದರೆ ಬೆಕ್ಕಿಗೇ "ತಪ್ಪಾತವ್ವಾ" ಎನ್ನುತ್ತಾಳೆ. ನಾಯಿಗೆ ಏನು ತಿನ್ನಿಸಿದಿರಿ ಎಂದು ಕೇಳಿದರೆ, ಬೈಸಿಕೊಳ್ಳುವ ಅಂಜಿಕೆಗೆ ತಂದವರು ಯಾರೂ ಬಾಯಿ ಬಿಡುವುದಿಲ್ಲ. ಆಗ ಆಕೆ ತನ್ನ ಮನೆಯ ನಾಯಿಯನ್ನು ಮುಂದೆ ಮಾಡುತ್ತಾಳೆ. ಮುಧೋಳದ ಮಾಸ್ತರರಿಗೆ, "ನಮ್ಮ ನಾಯಿಗಿ ನಾನೂ ಚಾಕಲೇಟ್ ಹಾಕಿದ್ನಿರಿ" ಎಂದಳು, ಬೀಳಗಿಯ ಮುದುಕಿಗೆ, "ನಾನೂ ಉಳ್ಳಾಗಡ್ಡಿ ಪಲ್ಯ ಹಾಕಿದ್ನಿ ಬೇ ಆಯಿ." ಇಬ್ಬರೂ ಒಪ್ಪಿಕೊಂಡರು. ಚಾಕಲೇಟು, ಈರುಳ್ಳಿ ಎರಡೂ ನಾಯಿಗೆ ವಿಷ; ಇಷ್ಟೆಲ್ಲ ತಿಂದ ನಾಯಿ ಇನ್ನೂ ಇದ್ದೀತೇ ಎಂದು ಗುರುಸಿದ್ದಪ್ಪನವರು ಒಳಗೇ ನಕ್ಕರು. ಅವರ ಸರದಿ ಬಂತು. ಕುಂಟುವ ಮುದಿ ನಾಯಿ ರಾಣಿ ರಕ್ತ ಕಾರುತ್ತಿತ್ತು. "ಏನೂ ಕೊಟ್ಟಿಲ್ಲವ್ವಾ" ಎಂದರು. "ನೋವಿನ ಗುಳಿಗಿ ನಾನೂ ಕೊಟ್ಟಿದ್ನಿರಿ ಕಾಕಾ. ಕುಂಟೂದು ನೋಡಾಕ ಆಗಲಿಲ್ಲ." ಅವರ ಕಣ್ಣು ತುಂಬಿತು, ತಮ್ಮ ಮೊಣಕಾಲು ನೋವಿನ ಗುಳಿಗೆಯನ್ನು ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟರು. ಯಾವ ಗುಳಿಗೆಯೆಂದು ಗೊತ್ತಾದ ಮೇಲೆ ಔಷಧಿ ನಾಟಿತು, ರಾಣಿ ಎದ್ದು ನಿಂತಿತು. "ಖರೆ ಹೇಳ ಡಾಕ್ಟರವ್ವಾ, ನಿಮ್ಮ ಮನ್ಯಾಗ ನಾಯಿ ಐತೇನ?" "ಇಲ್ರಿ. ನಮ್ಮವ್ವ ಸಾಕಾಕ ಬಿಟ್ಟಿಲ್ಲ." ರಾಣಿಯ ಜೀವಕ್ಕೂ ಅಂದು ತಮ್ಮಿಂದ ನಿಜ ಹೇಳಿಸಿದ್ದಕ್ಕೂ ಗುರುಸಿದ್ದಪ್ಪನವರು ಆಕೆಗೆ ಋಣಿ.